ಬ್ಯಾಗಿನಲ್ಲೊಂದು ಚಿಕ್ಕಿ, ಡಬ್ಬಿಯಲ್ಲೆರಡು ಉಂಡೆ: ಓಡಾಟದ ದಿನಗಳಿಗೆ ಎನರ್ಜಿ ಬಾರ್ ಆರಿಸುವುದು, ಮಾಡುವುದು ಹೇಗೆ?

ಬೆಳಿಗ್ಗೆ ಏಳೂವರೆಗೆ ಎರಡು ಇಡ್ಲಿ ತಿಂದು ಮನೆ ಬಿಟ್ಟವರಿಗೆ ಮಧ್ಯಾಹ್ನ ಎರಡರವರೆಗೂ ಊಟ ಸಿಗುವುದಿಲ್ಲ. ಹನ್ನೊಂದೂವರೆಗೆಲ್ಲ ಹೊಟ್ಟೆ ಚುರುಗುಟ್ಟುತ್ತದೆ. ಆಗ ಕೈಗೆ ಸಿಗುವುದು ಬೇಕರಿಯ ಪಫ್, ಕ್ಯಾಂಟೀನಿನ ಬಜ್ಜಿ, ಇಲ್ಲವೇ ಕ್ರೀಮ್ ಬಿಸ್ಕತ್ತಿನ ಪೊಟ್ಟಣ. ಅದೂ ಇಲ್ಲದಿದ್ದರೆ ಇನ್ನೊಂದು ಕಾಫಿ. ಸಂಜೆ ಮನೆಗೆ ಬರುವಾಗ ಟ್ರಾಫಿಕ್ಕಿನಲ್ಲಿ ಮತ್ತೆ ಅದೇ ಕಥೆ.

ಈ ಹೊತ್ತಿಗೆಂದೇ ಅಂಗಡಿಗಳಲ್ಲಿ ಸಾಲು ಸಾಲು ಎನರ್ಜಿ ಬಾರ್‌ಗಳಿವೆ. ಅವುಗಳಲ್ಲಿ ಒಳ್ಳೆಯವೂ ಇವೆ, ಚಾಕೊಲೇಟಿಗೆ ಆರೋಗ್ಯದ ಅಂಗಿ ತೊಡಿಸಿದಂಥವೂ ಇವೆ. ಜೊತೆಗೆ ನಮ್ಮ ಅಡುಗೆಮನೆಗಳಲ್ಲಿ ಕಡಲೆಕಾಯಿ ಚಿಕ್ಕಿ, ಎಳ್ಳುಂಡೆ, ತಂಬಿಟ್ಟು, ರಾಗಿ ಹುರಿಹಿಟ್ಟು ಮೊದಲಿನಿಂದಲೂ ಇವೆ. ಗೋಕಾಕ ಮತ್ತು ಅಮೀನಗಡದ ಕರದಂಟು ಕೂಡ ಇದೇ ಜಾತಿಯದು: ತುಪ್ಪದಲ್ಲಿ ಹುರಿದ ತಿನ್ನುವ ಅಂಟು (ಗೋಂದು), ಒಣಹಣ್ಣು, ಬೆಲ್ಲ ಸೇರಿಸಿ ಮಾಡಿದ ಗಟ್ಟಿ ತಿಂಡಿ. ಒಂದು ಸಣ್ಣ ತುಂಡು ತಿಂದರೆ ಎರಡು ಗಂಟೆ ನಿಶ್ಚಿಂತೆ.

ಕೊಳ್ಳುವವರಿಗೂ ಮಾಡುವವರಿಗೂ ನಾನು ಹೇಳುವುದು ಒಂದೇ ಮಾತು. ಬಾರ್‌ನಲ್ಲಿ ಏನೇನು ಹಾಕಿದ್ದಾರೆ ಅಂತ ನೋಡುವ ಮೊದಲು ಅದನ್ನು ಯಾವುದು ಹಿಡಿದಿಟ್ಟಿದೆ ಅಂತ ನೋಡಿ. ಬೀಜ, ಕಾಳು, ಓಟ್ಸ್ ತಾವಾಗಿಯೇ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಅವನ್ನು ಅಂಟಿಸಲು ಬೆಲ್ಲದ ಪಾಕವೋ ಗ್ಲೂಕೋಸ್ ಸಿರಪ್ಪೋ ಖರ್ಜೂರವೋ ತುಪ್ಪವೋ ಬೇಕು. ಬಾರ್ ಎಷ್ಟು ಸಿಹಿ, ಎಷ್ಟು ದಿನ ಕೆಡದೆ ಇರುತ್ತದೆ, ಬಿಸಿಲಿಗೆ ಕರಗುತ್ತದೋ ಇಲ್ಲವೋ, ಕೈಗೆ ಅಂಟುತ್ತದೋ ಇಲ್ಲವೋ, ಇದೆಲ್ಲ ಹೆಚ್ಚಾಗಿ ಆ ಅಂಟಿನ ಮೇಲೆಯೇ ನಿಂತಿದೆ.

ಮೊದಲು ದಿನ ಎಂಥದು ಅಂತ ನೋಡಿ

ಕುಳಿತು ಕೆಲಸ ಮಾಡುವವರಿಗೆ ಎರಡು ಊಟದ ನಡುವೆ 150ರಿಂದ 200 ಕ್ಯಾಲೊರಿ ಸಾಕು. ಅದರಲ್ಲಿ ಸ್ವಲ್ಪ ಪ್ರೊಟೀನ್, ಸ್ವಲ್ಪ ನಾರು ಇರಬೇಕು. ಬರೀ ಸಿಹಿ ತಿಂದರೆ ಮುಕ್ಕಾಲು ಗಂಟೆಯಲ್ಲೇ ಮತ್ತೆ ಹಸಿವು. ಇಂಥವರಿಗೆ ಒಂದು ಹಿಡಿ ಹುರಿದ ಕಡಲೆ ಮತ್ತು ಒಂದು ಏಲಕ್ಕಿ ಬಾಳೆಹಣ್ಣು ಯಾವ ಬಾರ್‌ಗೂ ಕಡಿಮೆಯಿಲ್ಲ.

ಬೆಳಿಗ್ಗೆ ತಿಂಡಿಯನ್ನೇ ಬಿಟ್ಟು ಓಡುವವರ ವಿಷಯ ಬೇರೆ. ಅವರಿಗೆ ಬೇಕಿರುವುದು ಕುರುಕಲು ಅಲ್ಲ, ತಿಂಡಿಯ ಬದಲಿಗೆ ನಿಲ್ಲುವಂಥದ್ದು. ಎರಡು ಹುರಿಹಿಟ್ಟಿನ ಉಂಡೆ, ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಲೋಟ ಹಾಲು, ಒಂದು ಹಣ್ಣು. ಇಷ್ಟಿದ್ದರೆ ಮಧ್ಯಾಹ್ನದವರೆಗೆ ದೂಡಬಹುದು.

ಬೆಟ್ಟ ಹತ್ತುವವರು, ಸೈಕಲ್ ತುಳಿಯುವವರು, ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಸಿಹಿ ಬೇಕೇ ಬೇಕು. ಒಂದು ಗಂಟೆಗಿಂತ ಹೆಚ್ಚು ಹೊತ್ತು ಜೋರಾಗಿ ಮೈ ದಣಿಸುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಅನ್ನುವುದು ಕ್ರೀಡಾ ಪೋಷಣೆಯಲ್ಲಿ ಸಾಮಾನ್ಯವಾಗಿ ಕೊಡುವ ಲೆಕ್ಕ. ಕುಮಾರ ಪರ್ವತ ಹತ್ತುವಾಗ ಗಂಟೆಗೊಮ್ಮೆ ನಿಂತು ಎರಡು ತುಂಡು ಚಿಕ್ಕಿ, ಅರ್ಧ ಬಾಳೆಹಣ್ಣು ತಿಂದು ನೀರು ಕುಡಿದರೆ ಹೆಚ್ಚುಕಡಿಮೆ ಆ ಲೆಕ್ಕ ಸರಿಹೋಗುತ್ತದೆ. ಬೆವರು ಜಾಸ್ತಿ ಹೋಗುವುದರಿಂದ ಉಪ್ಪಿನ ತಿಂಡಿಯೂ ಜೊತೆಗಿರಲಿ. ಓಡಲು ಹೊರಡುವ ಐದು ನಿಮಿಷ ಮೊದಲು ಮಾತ್ರ ಬೀಜ ತುಂಬಿದ ಬಾರ್ ತಿನ್ನಬೇಡಿ. ಅದರ ಕೊಬ್ಬು ನಿಧಾನಕ್ಕೆ ಜೀರ್ಣವಾಗುತ್ತದೆ, ಹೊಟ್ಟೆ ಭಾರ ಅನ್ನಿಸುತ್ತದೆ.

ಹವೆಯನ್ನೂ ಗಮನಿಸಿ. ಮಳೆಗಾಲದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಚಿಕ್ಕಿ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಅಲ್ಲಿ ಉಂಡೆಯೇ ವಾಸಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಚಾಕೊಲೇಟ್ ಬಳಿದ ಬಾರ್ ಕವರಿನೊಳಗೇ ಕರಗುತ್ತದೆ, ತುಪ್ಪದ ಉಂಡೆ ಜಿಡ್ಡು ಬಿಡುತ್ತದೆ. ಆ ಬಿಸಿಲಿಗೆ ಖಾರದ ಅವಲಕ್ಕಿ, ಪುಟಾಣಿ, ಗಟ್ಟಿ ಪಾಕದ ಚಿಕ್ಕಿ ಸರಿ.

ಅಂಗಡಿಯಲ್ಲಿ ಕೊಳ್ಳುವಾಗ

ಕವರಿನ ಮುಂಭಾಗವನ್ನು ಬಿಟ್ಟುಬಿಡಿ. ಅಲ್ಲಿ ಬಾದಾಮಿಯ ಚಿತ್ರ, ಜೇನಿನ ಹನಿ, ಓಡುವ ಹುಡುಗಿ ಎಲ್ಲ ಇರುತ್ತವೆ. ತಿರುಗಿಸಿ ಹಿಂಭಾಗ ಓದಿ.

ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದು ಮೊದಲು ಬರಬೇಕು ಎನ್ನುವುದು ನಿಯಮ. ಹಾಗಾಗಿ ಮೊದಲ ಮೂರು ಹೆಸರು ಓದಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಶೇಂಗಾ, ಓಟ್ಸ್, ಖರ್ಜೂರ ಅಂತಿದ್ದರೆ ಒಳ್ಳೆಯದು. ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ಪಾಮ್ ಎಣ್ಣೆ ಅಂತಿದ್ದರೆ ಅದು ಮಿಠಾಯಿ. ಸಕ್ಕರೆಗೆ ಹಲವು ವೇಷಗಳಿವೆ: ಇನ್ವರ್ಟ್ ಸಿರಪ್, ಫ್ರಕ್ಟೋಸ್, ಬ್ರೌನ್ ರೈಸ್ ಸಿರಪ್, ಖರ್ಜೂರದ ಸಿರಪ್. ಮಾಲ್ಟೋಡೆಕ್ಸ್ಟ್ರಿನ್ ಬಾಯಿಗೆ ಅಷ್ಟು ಸಿಹಿ ಅನ್ನಿಸದಿದ್ದರೂ ರಕ್ತದಲ್ಲಿ ಬೇಗ ಗ್ಲೂಕೋಸ್ ಆಗುತ್ತದೆ. ಇಂಥವು ಮೂರು ನಾಲ್ಕು ಬಗೆ ಸೇರಿದ್ದರೆ, ಒಂದೊಂದೂ ಪಟ್ಟಿಯಲ್ಲಿ ಕೆಳಗೆ ಕಂಡರೂ ಒಟ್ಟು ಮೊತ್ತ ದೊಡ್ಡದಾಗಿರಬಹುದು.

ಆಮೇಲೆ ಪೋಷಕಾಂಶದ ಪಟ್ಟಿ. ಅಲ್ಲಿ ಅಂಕಿಗಳು ಸಾಮಾನ್ಯವಾಗಿ 100 ಗ್ರಾಂಗೆ ಇರುತ್ತವೆ, ನಿಮ್ಮ ಕೈಯಲ್ಲಿರುವ ಬಾರ್ 30 ಅಥವಾ 40 ಗ್ರಾಂ ಇರುತ್ತದೆ. ಲೆಕ್ಕ ಹಾಕಲೇಬೇಕು. 100 ಗ್ರಾಂಗೆ 450 ಕ್ಯಾಲೊರಿ, 10 ಗ್ರಾಂ ಪ್ರೊಟೀನ್, 30 ಗ್ರಾಂ ಸೇರಿಸಿದ ಸಕ್ಕರೆ ಅಂತ ಬರೆದಿದೆ ಎಂದಿಟ್ಟುಕೊಳ್ಳಿ. 40 ಗ್ರಾಂ ಬಾರ್‌ನಲ್ಲಿ ನಿಮಗೆ ಸಿಗುವುದು 180 ಕ್ಯಾಲೊರಿ, 4 ಗ್ರಾಂ ಪ್ರೊಟೀನ್, 12 ಗ್ರಾಂ ಸಕ್ಕರೆ. ಅಂದರೆ ಮೂರು ಟೀ ಚಮಚ ಸಕ್ಕರೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರು ಸೇರಿಸಿದ ಸಕ್ಕರೆ, ಬೆಲ್ಲ, ಜೇನು ಎಲ್ಲ ಕೂಡಿ 50 ಗ್ರಾಂ ದಾಟಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಲೆಕ್ಕ. ಎರಡು ಕಾಫಿಯ ಸಕ್ಕರೆಯನ್ನೂ ಇದಕ್ಕೆ ಸೇರಿಸಿ ನೋಡಿ.

ದಿನನಿತ್ಯದ ಬಾರ್‌ಗೆ ನನ್ನ ಅಳತೆ ಇಷ್ಟು: ಒಂದು ಬಾರ್‌ನಲ್ಲಿ ಸೇರಿಸಿದ ಸಕ್ಕರೆ 8 ಗ್ರಾಂ ಒಳಗೆ, ಪ್ರೊಟೀನ್ 5 ಗ್ರಾಂ ಮೇಲೆ, ನಾರು 3 ಗ್ರಾಂ ಮೇಲೆ. ಮೂರೂ ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಬಹುದು. ಎರಡು ಸಿಕ್ಕರೂ ಪರವಾಗಿಲ್ಲ.

‘ಸಕ್ಕರೆ ಇಲ್ಲ’ ಎಂದು ಬರೆದ ಬಾರ್‌ಗಳಲ್ಲಿ ಹಲವು ಬಾರಿ ಮಾಲ್ಟಿಟಾಲ್, ಸಾರ್ಬಿಟಾಲ್ ಎಂಬ ಬದಲಿ ಸಿಹಿಗಳು ಇರುತ್ತವೆ. ಪಟ್ಟಿಯಲ್ಲಿ 965, 420 ಎಂಬ ಸಂಖ್ಯೆ ಕಂಡರೆ ಅವೇ. ಜಾಸ್ತಿ ತಿಂದರೆ ಹೊಟ್ಟೆ ಉಬ್ಬರ, ಕೆಲವರಿಗೆ ಭೇದಿ. ಇಂಟರ್‌ವ್ಯೂಗೆ ಹೋಗುವ ದಿನ, ದೂರದ ಬಸ್ಸು ಹತ್ತುವ ದಿನ ಇಂಥದ್ದನ್ನು ಮೊದಲ ಸಲ ತಿಂದು ನೋಡುವುದು ಬೇಡ. ಇನ್ನು 20 ಗ್ರಾಂ ಪ್ರೊಟೀನ್ ಇರುವ ದಪ್ಪ ಬಾರ್‌ಗಳು ಜಿಮ್ಮಿನಲ್ಲಿ ಚೆನ್ನಾಗಿ ಬೆವರು ಹರಿಸುವವರಿಗೆ ಉಪಯೋಗ. ಮೇಜಿನ ಮುಂದೆ ಕೂರುವವರಿಗೆ ಅಷ್ಟು ದುಡ್ಡು ಕೊಟ್ಟು ಅದನ್ನು ತಿನ್ನುವ ಅಗತ್ಯ ನನಗೆ ಕಾಣುವುದಿಲ್ಲ.

ಚಿಕ್ಕಿ ಕೊಳ್ಳುವಾಗ ತಯಾರಾದ ದಿನ, ಬಳಸಬೇಕಾದ ಅವಧಿ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯ 14 ಅಂಕಿಯ ಸಂಖ್ಯೆ ನೋಡಿ. ಇದು ಸಣ್ಣ ವಿಷಯವಲ್ಲ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುತ್ತಿದ್ದರು. 2025ರಲ್ಲಿ ಚಿಕ್ಕಿಯನ್ನು ಕೈಬಿಟ್ಟರು. ಸಕ್ಕರೆ, ಕೊಬ್ಬು ಜಾಸ್ತಿ ಎನ್ನುವುದರ ಜೊತೆಗೆ ಸರಿಯಾಗಿ ಇಡದ, ಅವಧಿ ಮೀರಿದ ಚಿಕ್ಕಿಯ ದೂರುಗಳೂ ಅದಕ್ಕೆ ಕಾರಣವಾಗಿದ್ದವು. ಶೇಂಗಾ ಹಾಕಿದ ಯಾವುದೇ ತಿಂಡಿ ಮುಗ್ಗಲು ವಾಸನೆ ಬಂದರೆ, ಹಳೆ ಎಣ್ಣೆಯ ರುಚಿ ಬಂದರೆ ತಿನ್ನಬೇಡಿ.

ಮನೆಯಲ್ಲಿ ಮಾಡಲು ಸಾಮಾನು

ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೊಟೀನ್ ಇದೆ, ಅರ್ಧದಷ್ಟು ಕೊಬ್ಬಿದೆ. ಹುರಿಗಡಲೆಯಲ್ಲಿ ಪ್ರೊಟೀನ್ ಸುಮಾರು 20 ಗ್ರಾಂ, ಕೊಬ್ಬು ತುಂಬಾ ಕಡಿಮೆ. ಎರಡನ್ನೂ ಬೆರೆಸಿದರೆ ಬಾರ್ ಹಗುರವಾಗುತ್ತದೆ, ಖರ್ಚೂ ಇಳಿಯುತ್ತದೆ. ಎಳ್ಳು ಮತ್ತು ರಾಗಿ ಕ್ಯಾಲ್ಸಿಯಂಗೆ ಹೆಸರಾದವು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಾದಾಮಿ, ಗೋಡಂಬಿ ಇದ್ದರೆ ಹಾಕಿ, ಇಲ್ಲದಿದ್ದರೆ ಕೊರಗಬೇಡಿ. ಚಳ್ಳಕೆರೆ ಕಡೆಯ ಒಳ್ಳೆ ಶೇಂಗಾ ಮುಂದೆ ಅವೇನೂ ದೊಡ್ಡದಲ್ಲ.

ಶೇಂಗಾವನ್ನು ತಟ್ಟೆಗೆ ಸುರಿದು ಕೈಯಾಡಿಸಿ ಆರಿಸಿ. ಸುಕ್ಕಾದ, ಕಪ್ಪಾದ, ಹಸಿರು ಬೂಷ್ಟು ಹಿಡಿದ ಬೀಜ ಎಸೆಯಿರಿ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಬೆಲ್ಲದ ವಿಷಯದಲ್ಲಿ ಜಾಗ್ರತೆ ಬೇಕು. ತೀರಾ ಬೆಳ್ಳಗೆ ಹೊಳೆಯುವ ಬೆಲ್ಲಕ್ಕಿಂತ ಕಂದು ಬಣ್ಣದ್ದು ನನಗೆ ಇಷ್ಟ. ಆದರೆ ಎಲ್ಲ ಬೆಲ್ಲವೂ ಗಟ್ಟಿ ಪಾಕಕ್ಕೆ ಬರುವುದಿಲ್ಲ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಕುಸಿಯುವ, ಉಪ್ಪುಪ್ಪಾದ ಬೆಲ್ಲ ಎಷ್ಟು ಕುದಿಸಿದರೂ ಜಿಗುಟಾಗಿಯೇ ಉಳಿಯುತ್ತದೆ. ಅಂಗಡಿಯವರಿಗೆ ‘ಚಿಕ್ಕಿ ಪಾಕಕ್ಕೆ ಬೇಕು’ ಅಂತ ಹೇಳಿಯೇ ತನ್ನಿ.

ಚಿಕ್ಕಿ ಬಾರ್: ಪಾಕ ಕಲಿತರೆ ಎಲ್ಲ ಕಲಿತಂತೆ

ಹದಿನಾರು ತುಂಡಿಗೆ ಅಳತೆ ಹೀಗೆ. ಶೇಂಗಾ 150 ಗ್ರಾಂ, ಹುರಿಗಡಲೆ 50 ಗ್ರಾಂ, ಬಿಳಿ ಎಳ್ಳು 50 ಗ್ರಾಂ, ಪುಡಿ ಮಾಡಿದ ಬೆಲ್ಲ 160 ಗ್ರಾಂ, ನೀರು ಎರಡು ದೊಡ್ಡ ಚಮಚ, ತುಪ್ಪ ಒಂದು ಚಮಚ. ಅರ್ಧ ಚಮಚ ಒಣಶುಂಠಿ ಪುಡಿ, ಎರಡು ಏಲಕ್ಕಿ, ಎರಡು ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ, ಕಡಿಮೆ ಬೆಲ್ಲದಲ್ಲೂ ರುಚಿ ಎದ್ದು ಕಾಣುವುದು ಅದರಿಂದ.

ಬೀಜದಷ್ಟೇ ತೂಕದ ಬೆಲ್ಲ ಹಾಕುವವರೂ ಇದ್ದಾರೆ. ಇಲ್ಲಿ 250 ಗ್ರಾಂ ಬೀಜಕ್ಕೆ 160 ಗ್ರಾಂ ಬೆಲ್ಲ ಮಾತ್ರ. ಪಾಕ ಸರಿಯಾದ ಹದಕ್ಕೆ ಬಂದರೆ ಬೀಜಗಳ ಮೇಲೆ ತೆಳ್ಳಗೆ ಹರಡಿಯೂ ಹಿಡಿದುಕೊಳ್ಳುತ್ತದೆ. ಹದ ತಪ್ಪಿದಾಗಲೇ ಜಾಸ್ತಿ ಬೆಲ್ಲ ಬೇಕಾಗುವುದು. ಒಂದು ತುಂಡಿಗೆ ಸುಮಾರು 25 ಗ್ರಾಂ, 125 ಕ್ಯಾಲೊರಿ, ಮೂರೂವರೆ ಗ್ರಾಂ ಪ್ರೊಟೀನ್, 10 ಗ್ರಾಂ ಬೆಲ್ಲ. ಕಚೇರಿಯ ದಿನಕ್ಕೆ ಒಂದು ತುಂಡು, ಬೆಟ್ಟ ಹತ್ತುವಾಗ ಗಂಟೆಗೆ ಎರಡು.

1. ದಪ್ಪ ತಳದ ಬಾಣಲೆಯಲ್ಲಿ ಶೇಂಗಾವನ್ನು ಸಣ್ಣ ಉರಿಯಲ್ಲಿ 10–12 ನಿಮಿಷ ಹುರಿಯಿರಿ. ಉರಿ ಜಾಸ್ತಿ ಮಾಡಿದರೆ ಸಿಪ್ಪೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಒಂದು ಬೀಜ ಆರಿಸಿ ಕಚ್ಚಿ ನೋಡಿ, ಕಟುಂ ಅನ್ನಬೇಕು. ಬಟ್ಟೆಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ. ಬೇಳೆ ಎರಡಾಗಿ ಒಡೆದರೆ ಒಳ್ಳೆಯದು, ಕತ್ತರಿಸಲು ಸುಲಭ.

2. ಎಳ್ಳನ್ನು ಬೇರೆಯಾಗಿ ಹುರಿಯಿರಿ. ಎರಡು ಮೂರು ನಿಮಿಷದಲ್ಲಿ ಚಿಟಪಟ ಶುರುವಾಗುತ್ತದೆ. ಆಗಲೇ ಇಳಿಸಿ. ಬಣ್ಣ ಕಂದು ಆಗುವವರೆಗೆ ಕಾದರೆ ಕಹಿ. ಹುರಿಗಡಲೆಯನ್ನು ಸುಮ್ನೆ ಬೆಚ್ಚಗೆ ಮಾಡಿದರೆ ಸಾಕು. ಮೂರನ್ನೂ ಬೆರೆಸಿ ಬೆಚ್ಚಗಿರುವ ಜಾಗದಲ್ಲಿಡಿ. ತಣ್ಣಗಾದ ಬೀಜ ಪಾಕಕ್ಕೆ ಬಿದ್ದರೆ ಪಾಕ ತಕ್ಷಣ ಗಟ್ಟಿಯಾಗಿ ಎಲ್ಲ ಕಡೆ ಹರಡುವುದಿಲ್ಲ.

3. ಪಾಕ ಇಡುವ ಮೊದಲೇ ಮಣೆಗೆ, ಲಟ್ಟಣಿಗೆಗೆ, ಚಾಕುವಿಗೆ ತುಪ್ಪ ಸವರಿ. ಪಾಕ ಹದಕ್ಕೆ ಬಂದ ಮೇಲೆ ಹುಡುಕಾಡಲು ಸಮಯ ಸಿಗುವುದಿಲ್ಲ. ಒಂದು ಬಟ್ಟಲು ತಣ್ಣೀರನ್ನೂ ಪಕ್ಕದಲ್ಲಿಡಿ.

4. ಬೆಲ್ಲ, ನೀರು ಸೇರಿಸಿ ಸಣ್ಣ ಉರಿಯಲ್ಲಿ ಕರಗಿಸಿ. ಕಸ ಇದ್ದರೆ ಸೋಸಿ ಮತ್ತೆ ಒಲೆಗಿಡಿ. ತುಪ್ಪ ಹಾಕಿ ಕೈಬಿಡದೆ ಕಲಕಿ.

ಈಗ ಪಾಕದ ಹತ್ತಿರವೇ ನಿಲ್ಲಿ. ಮೊದಲು ದೊಡ್ಡ ಗುಳ್ಳೆಗಳು ಬಂದು ಪಾಕ ಉಕ್ಕುತ್ತದೆ. ಎರಡು ಬೆರಳ ನಡುವೆ ಎಳೆದರೆ ಒಂದು ಎಳೆ ಬರುತ್ತದೆ. ಇದು ಉಂಡೆ ಕಟ್ಟಲು ಬೇಕಾಗುವ ಪಾಕ. ಇನ್ನೂ ಕುದಿಸಿದರೆ ತಣ್ಣೀರಿಗೆ ಹಾಕಿದ ಹನಿ ಮೆತ್ತನೆ ಗುಂಡಾಗುತ್ತದೆ, ಅಂದರೆ ಸುಮಾರು 115 ಡಿಗ್ರಿ ಸೆಲ್ಸಿಯಸ್. ಮುಂದೆ ಗುಂಡು ಗಟ್ಟಿಯಾಗುತ್ತದೆ, ಆದರೆ ಕಚ್ಚಿದರೆ ಹಲ್ಲಿಗೆ ಅಂಟುತ್ತದೆ. ಇಲ್ಲಿಗೇ ‘ಆಯ್ತು’ ಅಂದುಕೊಂಡು ನಿಲ್ಲಿಸಿದರೆ ಚಿಕ್ಕಿ ಜಗಿಯುವ ಮಿಠಾಯಿಯಾಗುತ್ತದೆ. ಇನ್ನೂ ಒಂದೆರಡು ನಿಮಿಷ ಬೇಕು. ಗುಳ್ಳೆಗಳು ಸಣ್ಣಗಾಗಿ ಒತ್ತೊತ್ತಾಗುತ್ತವೆ, ಬಣ್ಣ ಗಾಢವಾಗುತ್ತದೆ, ಪಾಕಕ್ಕೆ ಹೊಳಪು ಬರುತ್ತದೆ. ನೀರಿಗೆ ಬಿಟ್ಟ ಹನಿಯನ್ನು ತೆಗೆದು ಸ್ಟೀಲ್ ತಟ್ಟೆಗೆ ಹಾಕಿದರೆ ಟಣ್ ಎಂದು ಸದ್ದು ಬರಬೇಕು, ಮುರಿದರೆ ಗಾಜಿನ ಹಾಗೆ ಚಟ್ಟನೆ ಮುರಿಯಬೇಕು. ಥರ್ಮಾಮೀಟರ್ ಇದ್ದವರಿಗೆ 146ರಿಂದ 150 ಡಿಗ್ರಿ. ಇದನ್ನು ದಾಟಿ ಅರ್ಧ ನಿಮಿಷ ಬಿಟ್ಟರೂ ಕಹಿ ಬರಲು ಶುರು.

5. ಉರಿ ಆರಿಸಿ. ಉಪ್ಪು, ಶುಂಠಿ, ಏಲಕ್ಕಿ ಹಾಕಿ. ಬೆಚ್ಚಗಿನ ಬೀಜಗಳನ್ನು ಒಮ್ಮೆಗೇ ಸುರಿದು ಸಟ್ಟುಗದಿಂದ ಬೇಗ ಬೇಗ ಮಗುಚಿ.

6. ಮಣೆಗೆ ಸುರಿದು, ಮೇಲೊಂದು ಬಟರ್ ಪೇಪರ್ ಹಾಕಿ ಲಟ್ಟಿಸಿ. ಅರ್ಧ ಬೆರಳು ದಪ್ಪ ಸಾಕು. ಒಂದು ನಿಮಿಷದೊಳಗೆ, ಬಿಸಿ ಇರುವಾಗಲೇ ಚಾಕುವಿನಿಂದ ಗೆರೆ ಹಾಕಿ. ಪೂರ್ತಿ ಆರಿದ ಮೇಲೆ ಗೆರೆ ಹಿಡಿದು ಮುರಿಯಿರಿ. ಕೈಗೆ ಪಾಕ ತಾಗದಂತೆ ನೋಡಿಕೊಳ್ಳಿ. ಇದು ಕುದಿಯುವ ನೀರಿಗಿಂತ ಎಷ್ಟೋ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮಕ್ಕಳನ್ನು ಒಲೆಯಿಂದ ದೂರ ಇರಿಸಿ.

ಚಿಕ್ಕಿ ಜಿಗುಟಾದರೆ ಎಸೆಯಬೇಡಿ. ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಮತ್ತೆ ಕರಗಿಸಿ, ಪಾಕವನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯಿರಿ. ಲಟ್ಟಿಸುವಾಗಲೇ ಗಟ್ಟಿಯಾಗಿ ಒಡೆದುಹೋಯಿತೇ? ಕುಟ್ಟಿ ಪುಡಿ ಮಾಡಿ ಡಬ್ಬಿಗೆ ತುಂಬಿ, ಮೊಸರಿನ ಮೇಲೆ ಉದುರಿಸಿಕೊಂಡು ತಿನ್ನಿ. ಕಹಿಯಾದದ್ದಕ್ಕೆ ಮಾತ್ರ ಪರಿಹಾರವಿಲ್ಲ.

ಪಾಕದ ಗೊಡವೆ ಬೇಡ ಅನ್ನುವವರಿಗೆ ಖರ್ಜೂರದ ಬಾರ್

ಹಾಸ್ಟೆಲ್ಲಿನಲ್ಲಿ, ಪಿಜಿಯಲ್ಲಿ ಇರುವವರಿಗೆ ಇದು ಅನುಕೂಲ. ಒಂದು ಮಿಕ್ಸಿ ಇದ್ದರೆ ಆಯ್ತು.

ಬೀಜ ತೆಗೆದ ಮೆತ್ತನೆ ಖರ್ಜೂರ 200 ಗ್ರಾಂ, ಹುರಿದ ಶೇಂಗಾ 100 ಗ್ರಾಂ, ಬಾದಾಮಿ 50 ಗ್ರಾಂ, ಬಾಣಲೆಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿದ ಓಟ್ಸ್ 50 ಗ್ರಾಂ, ಕುಂಬಳದ ಬೀಜ 25 ಗ್ರಾಂ, ಚಿಟಿಕೆ ಉಪ್ಪು. ಶೇಂಗಾ, ಬಾದಾಮಿ, ಕುಂಬಳದ ಬೀಜಗಳನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತರಿತರಿಯಾಗಿ ತಿರುಗಿಸಿ ತೆಗೆಯಿರಿ. ಆಮೇಲೆ ಖರ್ಜೂರವನ್ನು ಸ್ವಲ್ಪ ಸ್ವಲ್ಪವೇ ರುಬ್ಬಿ. ಒಮ್ಮೆಗೇ ತುಂಬಿದರೆ ಬ್ಲೇಡು ಸಿಕ್ಕಿಕೊಳ್ಳುತ್ತದೆ, ಮೋಟಾರು ಬಿಸಿಯಾಗುತ್ತದೆ. ಒಣಗಿದ ಖರ್ಜೂರವಾದರೆ ಹತ್ತು ನಿಮಿಷ ಆವಿಯಲ್ಲಿಡಿ. ನೀರಲ್ಲಿ ನೆನೆಸಬೇಡಿ, ಆ ನೀರು ಬಾರ್‌ನಲ್ಲಿ ಉಳಿದರೆ ನಾಲ್ಕೇ ದಿನಕ್ಕೆ ಬೂಷ್ಟು.

ಎಲ್ಲ ಸೇರಿಸಿ ಚಪಾತಿ ಹಿಟ್ಟಿನ ಹಾಗೆ ಕೈಯಲ್ಲಿ ನಾದಿ. ಬಟರ್ ಪೇಪರ್ ಹಾಸಿದ ತಟ್ಟೆಗೆ ಹಾಕಿ ಬಟ್ಟಲಿನ ತಳದಿಂದ ಗಟ್ಟಿಯಾಗಿ ಒತ್ತಿ. ಈ ಒತ್ತುವುದರಲ್ಲೇ ಇರುವುದು ಕೆಲಸ. ಸಡಿಲವಾಗಿ ಬಿಟ್ಟರೆ ಬ್ಯಾಗಿನಲ್ಲಿ ಪುಡಿಯಾಗುತ್ತದೆ. ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟು ಕತ್ತರಿಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ. ಹೊರಗೆ ಐದಾರು ದಿನ, ಫ್ರಿಜ್ಜಿನಲ್ಲಿ ಮೂರು ವಾರ ಇರುತ್ತದೆ.

ಬೆಲ್ಲ, ಸಕ್ಕರೆ ಹಾಕಿಲ್ಲ ಅಂತ ನಾಲ್ಕು ತಿನ್ನಬೇಡಿ. ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಆದರೆ ಅದರ ಜೊತೆ ನಾರೂ ಇದೆ, ಅದು ಬೆಲ್ಲದ ಪಾಕದಲ್ಲಿಲ್ಲ.

ರಾಗಿ ಹುರಿಹಿಟ್ಟಿನ ಉಂಡೆ

ನನಗೆ ಎಲ್ಲಕ್ಕಿಂತ ಪ್ರೀತಿಯದು ಇದು. ಗಟ್ಟಿ ಚಿಕ್ಕಿ ಕಡಿಯಲಾಗದ ಹಿರಿಯರಿಗೂ, ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಹುಡುಗರಿಗೂ ಹೊಂದುತ್ತದೆ. ಹುರಿಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲೇ ಮಾಡುವುದಾದರೆ ರಾಗಿಗೆ ನೀರು ಚಿಮುಕಿಸಿ ಕಲಸಿ ರಾತ್ರಿ ಮುಚ್ಚಿಡಿ. ಬೆಳಿಗ್ಗೆ ನೆರಳಲ್ಲಿ ಆರಿಸಿ, ಚೆನ್ನಾಗಿ ಕಾದ ಬಾಣಲೆಗೆ ಒಂದೊಂದು ಹಿಡಿ ಹಾಕಿ ಅರಳಿಸಿ, ಆರಿದ ಮೇಲೆ ಬೀಸಿ ಜರಡಿ ಹಿಡಿಯಿರಿ. ಅರಳಿದ ರಾಗಿಯ ಘಮವೇ ಬೇರೆ. ಹುರಿಹಿಟ್ಟು ಈಗಾಗಲೇ ಬೆಂದಿರುವುದರಿಂದ ಮತ್ತೆ ಬೇಯಿಸುವ ಕೆಲಸವಿಲ್ಲ. ಬರೀ ರಾಗಿ ಹಿಟ್ಟು ಬಳಸುವುದಾದರೆ ತುಪ್ಪದಲ್ಲಿ ಹಸಿ ವಾಸನೆ ಹೋಗುವವರೆಗೆ ಹುರಿಯಲೇಬೇಕು.

150 ಗ್ರಾಂ ಹುರಿಹಿಟ್ಟಿಗೆ ತರಿತರಿ ಶೇಂಗಾ ಪುಡಿ 75 ಗ್ರಾಂ, ಬೆಚ್ಚಗೆ ಮಾಡಿದ ಕೊಬ್ಬರಿ ತುರಿ 40 ಗ್ರಾಂ, ಏಲಕ್ಕಿ ಬೆರೆಸಿ. 120 ಗ್ರಾಂ ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಒಂದೆಳೆ ಪಾಕಕ್ಕೆ ತಂದು ಇಳಿಸಿ, 50 ಗ್ರಾಂ ತುಪ್ಪ ಸೇರಿಸಿ. ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕಲಸಿ. ಬೆಚ್ಚಗಿರುವಾಗಲೇ ಉಂಡೆ ಕಟ್ಟಿ. ಉದುರುತ್ತಿದ್ದರೆ ಇನ್ನೊಂದು ಚಮಚ ಬಿಸಿ ತುಪ್ಪ. ಹಬ್ಬದ ತಂಬಿಟ್ಟಿಗೆ ಹಾಲು ಹಾಕಿ ಕಟ್ಟುವವರಿದ್ದಾರೆ, ಅದು ಅಂದೇ ತಿನ್ನುವುದಕ್ಕೆ ಸರಿ. ಬ್ಯಾಗಿನಲ್ಲಿ ಒಯ್ಯುವ ಉಂಡೆಗೆ ಹಾಲು ಬೇಡ. ಇದರಲ್ಲಿ ಚಿಕ್ಕಿಗಿಂತ ನೀರಿನಂಶ ಜಾಸ್ತಿ ಇರುವುದರಿಂದ ವಾರದೊಳಗೆ ಮುಗಿಸಿ. ಸುಮಾರು ಹದಿನೆಂಟು ಉಂಡೆ ಆಗುತ್ತವೆ.

ಖಾರ ಬೇಕು ಅನ್ನುವ ದಿನ

ದಿನಾ ಸಿಹಿ ಹಿಡಿಸುವುದಿಲ್ಲ, ಹಿಡಿಸಲೂಬಾರದು. 200 ಗ್ರಾಂ ತೆಳು ಅವಲಕ್ಕಿಯನ್ನು ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಹುರಿಯಿರಿ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, 75 ಗ್ರಾಂ ಶೇಂಗಾ ಹುರಿದು, ಹಸಿಮೆಣಸಿನ ಚೂರು, ಕರಿಬೇವು, ಕೊಬ್ಬರಿ ಚೂರು ಹಾಕಿ. ಮೆಣಸಿನಕಾಯಿ, ಕರಿಬೇವು ಪೂರ್ತಿ ಗರಿಗರಿಯಾಗುವವರೆಗೆ ಬಿಡಿ. ಅವುಗಳಲ್ಲಿ ಉಳಿದ ನೀರೇ ಇಡೀ ಡಬ್ಬಿಯನ್ನು ಮೆತ್ತಗೆ ಮಾಡುವುದು. ಹುರಿಗಡಲೆ 50 ಗ್ರಾಂ, ಇಂಗು, ಅರಿಶಿನ, ಉಪ್ಪು ಸೇರಿಸಿ ಅವಲಕ್ಕಿ ಬೆರೆಸಿ. ಪೂರ್ತಿ ಆರಿದ ಮೇಲೆ ತುಂಬಿಟ್ಟರೆ ಎರಡು ವಾರ ಗರಿ ಹೋಗುವುದಿಲ್ಲ.

ಮಂಡಕ್ಕಿ ಹಗುರ, ಆದರೆ ಹಸಿವು ತಡೆಯುವುದಿಲ್ಲ. ಮಂಡಕ್ಕಿ ತಿನ್ನುವುದಾದರೆ ಅರ್ಧದಷ್ಟು ಶೇಂಗಾ, ಪುಟಾಣಿ ಇರಲಿ. ಕೊಡುಬಳೆ, ನಿಪ್ಪಟ್ಟು ಎಣ್ಣೆಯಲ್ಲಿ ಕರಿದದ್ದು, ಎಂದಾದರೊಮ್ಮೆ ಸಾಕು.

ಕಟ್ಟುವುದು, ಇಡುವುದು

ಯಾವುದನ್ನೂ ಬಿಸಿಯಿರುವಾಗ ಡಬ್ಬಿಗೆ ತುಂಬಬೇಡಿ. ಮುಚ್ಚಳದೊಳಗೆ ಹಬೆ ನೀರಾಗಿ ಇಳಿಯುತ್ತದೆ. ಚಿಕ್ಕಿಯನ್ನು ಪದರಗಳ ನಡುವೆ ಬಟರ್ ಪೇಪರ್ ಹಾಕಿ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡಿ. ಒಣಹವೆಯಲ್ಲಿ ಮೂರು ವಾರಕ್ಕೇನೂ ತೊಂದರೆಯಿಲ್ಲ. ಒದ್ದೆ ಕೈ ಹಾಕಬಾರದು. ದಿನಾ ತೆರೆಯುವ ಸಣ್ಣ ಡಬ್ಬಿ ಬೇರೆ, ಉಳಿದದ್ದನ್ನಿಡುವ ದೊಡ್ಡ ಡಬ್ಬಿ ಬೇರೆ ಇರಲಿ. ಡಬ್ಬಿಯ ಮೇಲೆ ಮಾಡಿದ ದಿನಾಂಕ ಬರೆದು ಅಂಟಿಸಿ.

ಬೇಯಿಸಿದ ಮೊಟ್ಟೆ, ಉಸಲಿ, ಬೇಯಿಸಿದ ಶೇಂಗಾ ಬೇರೆ ಲೆಕ್ಕ. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ, ಸುಡುಬೇಸಿಗೆಯಲ್ಲಿ ಒಂದೇ ಗಂಟೆ. ಬೆಳಿಗ್ಗೆ ಬ್ಯಾಗಿಗೆ ಹಾಕಿ ಸಂಜೆ ತಿನ್ನುವುದಂತೂ ಬೇಡವೇ ಬೇಡ.

ವಿಮಾನದಲ್ಲಿ ಹೋಗುವವರು ಒಂದು ವಿಷಯ ನೆನಪಿಡಿ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುವ ವಸ್ತು ಅಂತ ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ. ಕೊಬ್ಬರಿ ಬೆಲ್ಲ ತಿನ್ನುವ ಆಸೆಯಿದ್ದರೆ ಮನೆಯಲ್ಲೇ ತಿಂದು ಹೊರಡಿ, ಬ್ಯಾಗಿಗೆ ಚಿಕ್ಕಿ ಹಾಕಿಕೊಳ್ಳಿ.

ಎಚ್ಚರ ಬೇಕಾದವರು

ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ. ರಕ್ತಕ್ಕೆ ಸೇರಿದ ಮೇಲೆ ವ್ಯತ್ಯಾಸ ಅಷ್ಟೇನೂ ಇಲ್ಲ. ಅವರಿಗೆ ಹುರಿದ ಕಡಲೆ, ಒಂದು ಹಿಡಿ ಶೇಂಗಾ, ಮೊಟ್ಟೆ ಒಳ್ಳೆಯದು. ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ಮಟ್ಟ ಇಳಿದು ಕೈ ನಡುಗಿ ಬೆವತಾಗ ಚಿಕ್ಕಿಯನ್ನು ನೆಚ್ಚಿಕೊಳ್ಳಬಾರದು. ಅದರಲ್ಲಿರುವ ಕೊಬ್ಬು ಸಿಹಿ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಆಗ ಬೇಕಿರುವುದು 15 ಗ್ರಾಂ ಗ್ಲೂಕೋಸ್ ಪುಡಿ ಅಥವಾ ನೀರಲ್ಲಿ ಕದಡಿದ ಮೂರು ಚಮಚ ಸಕ್ಕರೆ. ಅದೂ ಬ್ಯಾಗಿನಲ್ಲಿರಲಿ.

ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಚಿಕ್ಕಿ ಕೊಡಬೇಡಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕಟ್ಟಿದ ಮೆತ್ತನೆ ಉಂಡೆ ಕೊಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಸೇರಿದ ಯಾವುದೂ ಬೇಡ. ಶೇಂಗಾ ಅಲರ್ಜಿ ಇರುವವರು ನಿಮ್ಮ ಕಚೇರಿಯಲ್ಲೋ ಮಕ್ಕಳ ತರಗತಿಯಲ್ಲೋ ಇರಬಹುದು. ಡಬ್ಬಿ ತೆರೆದು ಎಲ್ಲರಿಗೂ ಹಂಚುವ ಮೊದಲು ಇದರಲ್ಲಿ ಶೇಂಗಾ ಇದೆ, ಎಳ್ಳಿದೆ ಅಂತ ಬಾಯಿಬಿಟ್ಟು ಹೇಳಿ.

ಭಾನುವಾರ ಒಂದೂವರೆ ಗಂಟೆ

ವಾರದ ತಿಂಡಿಯನ್ನೆಲ್ಲ ಒಂದೇ ಸಲ ಮುಗಿಸಬೇಕೆಂದರೆ ಕೆಲಸದ ಕ್ರಮ ಮುಖ್ಯ. ಮೊದಲು ಎಲ್ಲಕ್ಕೂ ಬೇಕಾಗುವ ಶೇಂಗಾವನ್ನು ಒಟ್ಟಿಗೇ ಹುರಿಯಲು ಇಡಿ. ಅದು ಹುರಿಯುವಷ್ಟರಲ್ಲಿ ಬೆಲ್ಲ ಕುಟ್ಟಿ, ಖರ್ಜೂರ ಬಿಡಿಸಿ. ಅದೇ ಬಾಣಲೆಯ ಬಿಸಿಯಲ್ಲಿ ಓಟ್ಸ್, ಕೊಬ್ಬರಿ, ಎಳ್ಳು ಒಂದಾದ ಮೇಲೊಂದು ಬೆಚ್ಚಗಾಗಲಿ. ಮಿಕ್ಸಿಯ ಕೆಲಸಗಳನ್ನು ಒಟ್ಟಿಗೇ ಮಾಡಿ: ಮೊದಲು ಒಣ ಶೇಂಗಾ ಪುಡಿ, ಕೊನೆಗೆ ಖರ್ಜೂರ. ಉಲ್ಟಾ ಮಾಡಿದರೆ ನಡುವೆ ಜಾರ್ ತೊಳೆದು ಒಣಗಿಸಬೇಕಾಗುತ್ತದೆ. ಪಾಕದ ಕೆಲಸ ಕೊನೆಗಿರಲಿ, ಬೇರೆಲ್ಲ ಮುಗಿದು ಗಮನ ಪೂರ್ತಿ ಅದರ ಮೇಲಿರುವಾಗ. ಆ ಹತ್ತು ನಿಮಿಷ ಫೋನ್ ಬಂದರೂ ಎತ್ತಬೇಡಿ. ಬಾಣಲೆಗೆ ಅಂಟಿ ಉಳಿದ ಪಾಕಕ್ಕೆ ಒಂದು ಲೋಟ ನೀರು, ಚೂರು ಶುಂಠಿ ಹಾಕಿ ಕುದಿಸಿದರೆ ಪಾತ್ರೆಯೂ ಶುದ್ಧ, ಕುಡಿಯಲು ಬೆಲ್ಲದ ಕಷಾಯವೂ ಸಿದ್ಧ.